ಬ್ರೇಕಿನೊಳಗಿನ ಗಾಳಿ



ಮೋಟಾರು ಓಡುವುದರ ವಿಷಯವಾಗಿ ಮಾತನಾಡುವವರು ಬಹುಮಂದಿ ಉಂಟು. ಅದು ನಿಲ್ಲುವುದರ ವಿಷಯವಾಗಿ ಮಾತನಾಡುವವರು ಕಡಮೆ. ಈ ಹೊತ್ತು ನಾವು ಅರಿಕೆ ಮಾಡಿಕೊಳ್ಳಬೇಕೆಂದಿರುವುದು ಈ ಎರಡನೆಯದನ್ನು; ಅದರಲ್ಲಿಯೂ ಒಂದು ಸಣ್ಣ ಭಾಗವನ್ನು ಮಾತ್ರ. ಕಾರಿನ ಬ್ರೇಕನ್ನು ತಾವೇ ಬಿಚ್ಚಿ ರಿಪೇರಿ ಮಾಡಿಕೊಂಡವರು, ಆ ಬಳಿಕ ಅದರ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಡಿಸುವುದು ಹೇಗೆಂಬುದೇ ಆ ಭಾಗ. ಇದು ಗ್ಯಾರೇಜಿನವರ ಮಾತು, ಓದುಬರಹದವರಿಗೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನಮಗೂ ಹಾಗೆಯೇ ತೋರಿತ್ತು, ಸರಸಂಬಾದ ದಾರಿಯಲ್ಲಿ ತೊಗರಿಯ ಬಂಡಿಯೊಂದು ಅಡ್ಡ ಬರುವ ತನಕ.

ಸರಸಂಬಾ ಎಂಬುದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗ್ರಾಮ. ಅಲ್ಲಿ ನಮ್ಮ ಸೋದರಮಾವನವರ ಮನೆಯುಂಟು. ಸುಗ್ಗಿಯ ಕಾಲದಲ್ಲಿ ಅಲ್ಲಿಗೆ ಹೋಗಿದ್ದಾಗ, ನಮ್ಮ ಹಳೆಯ ಕಾರಿನ ಹಿಂದಿನ ಎಡಗಾಲಿಯ ಒಳಮೈ ಎಣ್ಣೆಯಿಂದ ತೊಯ್ದಿರುವುದು ಕಣ್ಣಿಗೆ ಬಿತ್ತು. ಗಾಲಿಯ ಸಿಲಿಂಡರು ಸೋರುತ್ತಿತ್ತು. ಕಲಬುರಗಿಯಿಂದ ಹೊಸ ಸಿಲಿಂಡರನ್ನೂ, ಎಣ್ಣೆ ಕುಡಿದ ಲೈನಿಂಗಿಗೆ ಬದಲಾಗಿ ಹೊಸ ಶೂಗಳನ್ನೂ ತರಿಸಿ, ಅಂಗಳದ ಬೇವಿನ ಮರದ ನೆರಳಿನಲ್ಲಿ ನಾವೇ ಜೋಡಿಸಿದೆವು. ಮಾವನವರ ಮೊಮ್ಮಗನನ್ನು ಪೆಡಲಿನ ಮೇಲೆ ಕೂರಿಸಿ, ನಾವು ನಿಪ್ಪಲನ್ನು ಸಡಿಲಿಸಿ ಒಂದಿಷ್ಟು ಎಣ್ಣೆಯನ್ನು ಚಿಮ್ಮಿಸಿದೆವು. ಮೊದಲ ಸಲ ಒತ್ತಿದಾಗ ಪೆಡಲು ಆಳಕ್ಕೆ ಇಳಿಯುತ್ತಿತ್ತು. ಎರಡನೆಯ ಸಲಕ್ಕೆ ಹಿಡಿಯುತ್ತಿತ್ತು. ಎರಡು ಸಲ ಒತ್ತಿದರೆ ಆಯಿತಲ್ಲ ಎಂದುಕೊಂಡು ಹೊರಟೆವು.

ಬಂಡಿ ಎದುರಾದಾಗ ಎರಡನೆಯ ಸಲ ಒತ್ತಲು ಸಮಯವೆಲ್ಲಿ? ತೊಗರಿಕಟ್ಟಿಗೆಯ ಹೊರೆಯ ಮೇಲೆ ಇಬ್ಬರು ಮಕ್ಕಳು ಕುಳಿತಿದ್ದರು. ನಮ್ಮ ಕಾಲು ತಳಕ್ಕೆ ಹೋಗಿ ತಗುಲಿತು. ಕಾರು ಹೋಗುತ್ತಲೇ ಇತ್ತು. ಕೈಬ್ರೇಕು ತಂತಿಯಿಂದ ನಡೆಯುವಂಥದು, ಎಣ್ಣೆಯ ಹಂಗು ಅದಕ್ಕಿಲ್ಲ ಎಂಬುದೊಂದೇ ಆ ಗಳಿಗೆಯಲ್ಲಿ ನೆನಪಾಯಿತು. ಅದನ್ನೆಳೆದು, ಚಕ್ರವನ್ನು ಹೊಲದ ಬದುವಿನತ್ತ ತಿರುಗಿಸಿದೆವು. ಕರಿಯ ಮಣ್ಣು ನಮ್ಮನ್ನು ಹಿಡಿದು ನಿಲ್ಲಿಸಿತು. ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ನಕ್ಕರು, ನಮಗೆ ಬಾಗಿಲು ತೆರೆಯಲು ಕೈ ಬರಲಿಲ್ಲ.

ಆ ಊರಿನಲ್ಲಿ ಹಿಂದೆ ಜೀಪು ನಡೆಸುತ್ತಿದ್ದ ವೃದ್ಧರೊಬ್ಬರು, ಎಲ್ಲರೂ ಉಸ್ತಾದರೆಂದೇ ಕರೆಯುವವರು, ಬಂದು ಪೆಡಲನ್ನು ಕೈಯಿಂದಲೇ ಒಮ್ಮೆ ಒತ್ತಿ ನೋಡಿ, “ಸಾಮಾನು ಹೊಸಾದು ಹಾಕೀರಿ, ಖರೆ. ಕೆಲಸ ಮಾತ್ರ ಅರ್ಧ ಆಗ್ಯಾದ. ಒಳಗ ಗಾಳಿ ಕುಂತಾದರೀ” ಎಂದರು.

ಒಳಗೆ ಕುಳಿತ ಒಂದಿಷ್ಟು ಗಾಳಿ ಇಷ್ಟು ದೊಡ್ಡ ವಾಹನವನ್ನು ಹೇಗೆ ಕೆಡಿಸೀತೆಂಬುದನ್ನು ಸ್ವಲ್ಪ ವಿಚಾರಿಸೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ವಿವರಿಸಿದನು. ಅಮೆರಿಕದ ಮಾಲ್ಕಮ್ ಲೋಗ್‌ಹೆಡ್ ಎಂಬವನು 20ನೆಯ ಶತಮಾನದ ಆದಿಯಲ್ಲಿ ಇದನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿದನು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಗಾಲಿಗಳಿಗೂ ಇಂಥ ಬ್ರೇಕು ಬಂದಿತು. ಅದಕ್ಕೆ ಮುಂಚೆ ಸಲಾಕಿ, ತಂತಿಗಳದೇ ಕಾರುಬಾರು. ತಂತಿಯು ಜಗ್ಗುತ್ತಿತ್ತು, ಸವೆಯುತ್ತಿತ್ತು. ಆದರೆ ಅದರಲ್ಲಿ ಗಾಳಿ ಸೇರುವ ಭಯವಿರಲಿಲ್ಲ.

ದ್ರವವು ಒತ್ತಿದರೆ ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ಗಾಳಿಯಾದರೋ, ಹತ್ತುಪಟ್ಟು ಒತ್ತಡಕ್ಕೆ ಹತ್ತರಲ್ಲೊಂದು ಪಾಲಾಗಿಬಿಡುತ್ತದೆ. ಮುಖ್ಯ ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರು, ಅದರ ಕೊಂತವು ಚಲಿಸುವ ದೂರ 30 ಮಿಲಿಮೀಟರು ಎಂದಿಟ್ಟುಕೊಳ್ಳಿ. ಪೆಡಲನ್ನು ಪೂರ್ತಿ ಒತ್ತಿದರೂ ಅದು ತಳ್ಳಬಲ್ಲ ಎಣ್ಣೆ 10 ಮಿಲಿಲೀಟರಿಗೂ ಒಳಗೇ. ಕೊಳವೆಯಲ್ಲಿ 5 ಮಿಲಿಲೀಟರು, ಅಂದರೆ ಒಂದು ಚಮಚದಷ್ಟು, ಗಾಳಿಯಿದ್ದರೆ ಕಾಲಿನ ಅರ್ಧ ಶ್ರಮ ಆ ಗಾಳಿಯನ್ನು ಹಿಂಡುವುದಕ್ಕೇ ಹೋಯಿತು. ಲಾರಿ ಬಸ್ಸುಗಳ ಬ್ರೇಕು ಗಾಳಿಯಿಂದಲೇ ನಡೆಯುವುದಲ್ಲ ಎಂದು ಯಾರಾದರೂ ಕೇಳಿಯಾರು. ನಿಜ, ಆದರೆ ಅಲ್ಲಿ ಯಂತ್ರವು ಗಾಳಿಯನ್ನು ಮೊದಲೇ ಒತ್ತಿ ತೊಟ್ಟಿಯಲ್ಲಿ ತುಂಬಿಟ್ಟಿರುತ್ತದೆ. ಇಲ್ಲಿ ಅದು ಕರೆಯದೆ ಬಂದ ಅತಿಥಿ.

ಇನ್ನು ನಮ್ಮ ತಪ್ಪುಗಳು. ಉಸ್ತಾದರು ಒಂದೊಂದಾಗಿ ಎತ್ತಿ ತೋರಿಸಿದರು. ನಿಪ್ಪಲನ್ನು ನಾವು ಮುಚ್ಚುವ ಮೊದಲೇ ಹುಡುಗನು ಕಾಲು ತೆಗೆಯುತ್ತಿದ್ದನು. ಹೊರಹೋದ ಗಾಳಿಯು ಅದೇ ದಾರಿಯಿಂದ ಒಳಬರುತ್ತಿತ್ತು. ನಾವು ಗಾಲಿಯ ಬಳಿ ಮಗ್ನರಾಗಿದ್ದಾಗ ಬಾನೆಟ್ಟಿನ ಕೆಳಗಿನ ಎಣ್ಣೆಯ ಡಬ್ಬಿಯು ಬರಿದಾಗಿ, ಮೇಲಿನಿಂದಲೂ ಗಾಳಿ ಹೊಕ್ಕಿತ್ತು. ಎಲ್ಲಕ್ಕಿಂತ ನಾಚಿಕೆಯದೆಂದರೆ, ನಾಲ್ಕು ಕಾಸು ಉಳಿಸಲೆಂದು ಬಟ್ಟಲಿಗೆ ಬಿದ್ದ ಎಣ್ಣೆಯನ್ನೇ ಮತ್ತೆ ಡಬ್ಬಿಗೆ ಸುರಿದಿದ್ದೆವು. ಅದರ ತುಂಬ ನೊರೆ.

ಆ ದಿನ ಮಧ್ಯಾಹ್ನ ಕೆಲಸವು ಮೊದಲಿನಿಂದ ನಡೆಯಿತು. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಎತ್ತಿದ ಭಾಗವನ್ನು ಜಾಕಿಯೊಂದರ ಮೇಲೆಯೇ ಬಿಡದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾಯಿತು. ಡ್ರಮ್ಮಿನೊಳಗಿನ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಆಮೇಲೆ ಶೂಗಳನ್ನು ಡ್ರಮ್ಮಿಗೆ ಹೊಂದುವಂತೆ ಸರಿಪಡಿಸಿದರು. ಇದನ್ನು ಮೊದಲು ಮಾಡದಿದ್ದರೆ, ಶೂಗಳ ಸಡಿಲದಿಂದ ಪೆಡಲು ಇಳಿಯುವುದನ್ನೂ ಗಾಳಿಯೆಂದೇ ಭ್ರಮಿಸಿ ಇಡೀ ದಿನ ಎಣ್ಣೆ ಸುರಿಯಬೇಕಾಗುತ್ತದೆ.

ನಿಪ್ಪಲಿಗೆ ಸರಿಯಾಗಿ ಕೂರುವ ರಿಂಗ್ ಪಾನಾ ಬೇಕು. ಬಾಯ್ತೆರೆದ ಪಾನಾ ಅದರ ಮೂಲೆಗಳನ್ನು ತಿಂದುಬಿಡುತ್ತದೆ. ನಿಪ್ಪಲಿಗೆ ಪಾರದರ್ಶಕವಾದ ಸಣ್ಣ ಪೈಪನ್ನು ತೊಡಿಸಿ, ಅದರ ಇನ್ನೊಂದು ತುದಿಯನ್ನು ಸೀಸೆಯಲ್ಲಿ ಹಾಕಿದ ಹೊಸ ಎಣ್ಣೆಯೊಳಗೆ ಮುಳುಗಿಸಬೇಕು. ಬಲಗಡೆ ಚಾಲಕನು ಕೂರುವ ನಮ್ಮ ದೇಶದ ಹಳೆಯ ಕಾರುಗಳಲ್ಲಿ ಡಬ್ಬಿಗೆ ಅತಿ ದೂರವಾದುದು ಹಿಂದಿನ ಎಡಗಾಲಿ. ಅಲ್ಲಿಂದ ಮೊದಲುಮಾಡಿ, ಹಿಂದಿನ ಬಲ, ಮುಂದಿನ ಎಡ, ಕಡೆಗೆ ಮುಂದಿನ ಬಲ ಎಂಬುದು ವಾಡಿಕೆಯ ಕ್ರಮ. ಕೊಳವೆಗಳನ್ನು ಕರ್ಣರೇಖೆಯಂತೆ ಜೋಡಿಸಿರುವ ಕಾರುಗಳಲ್ಲಿ ಕ್ರಮ ಬೇರೆಯಾಗಬಹುದಾದುದರಿಂದ ಆಯಾ ಕಾರಿನ ಕೈಪಿಡಿಯ ಮಾತೇ ಪ್ರಮಾಣ.

“ಒತ್ತು” ಎಂದರು ಉಸ್ತಾದರು. “ಒತ್ತೀನಿ” ಎಂದ ಹುಡುಗ. ನಿಪ್ಪಲು ಕಾಲು ಸುತ್ತು ತಿರುಗಿತು, ಪೈಪಿನಲ್ಲಿ ಗುಳ್ಳೆಗಳ ಸಾಲು ಹರಿಯಿತು, ನಿಪ್ಪಲು ಮುಚ್ಚಿತು. “ಈಗ ಬಿಡು.” ಬಿಡು ಎನ್ನುವ ತನಕ ಕಾಲು ತೆಗೆಯಕೂಡದು. ಈ ಸಂಭಾಷಣೆ ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಐದಾರು ಸಲಕ್ಕೊಮ್ಮೆ ಡಬ್ಬಿಯನ್ನು ನೋಡಿ ಹೊಸ ಎಣ್ಣೆ ಹಾಕುವ ಕೆಲಸವನ್ನು ನಮಗೆ ಒಪ್ಪಿಸಿದ್ದರು. ಪೆಡಲಿನ ಕೆಳಗೆ ಒಂದು ಮರದ ತುಂಡನ್ನೂ ಇರಿಸಿದ್ದರು. ಹಳೆಯ ಸಿಲಿಂಡರಿನಲ್ಲಿ ಕೊಂತವು ಎಂದೂ ಮುಟ್ಟದ ತಳಭಾಗವು ತುಕ್ಕು ಹಿಡಿದಿರುತ್ತದೆ. ಪೆಡಲನ್ನು ತಳದವರೆಗೆ ತುಳಿದರೆ ರಬ್ಬರಿನ ಸೀಲು ಅಲ್ಲಿ ಉಜ್ಜಿ ಹರಿಯುತ್ತದೆ. ಇದು ಪುಸ್ತಕ ಓದಿದ ನಮಗೆ ತಿಳಿದಿರಲಿಲ್ಲ.

ಮುಂದಿನ ಗಾಲಿಗಳಲ್ಲಿ ಡಿಸ್ಕ್ ಬ್ರೇಕಿದ್ದರೆ ಇನ್ನೊಂದು ಎಚ್ಚರ ಬೇಕು. ಕ್ಯಾಲಿಪರನ್ನು ಬಿಚ್ಚಿದವರು ಎಡದ್ದನ್ನು ಬಲಕ್ಕೆ ಕೂರಿಸಿದರೆ ನಿಪ್ಪಲು ಕೆಳಗಾಗುತ್ತದೆ. ಗಾಳಿ ಮೇಲೇರುವ ವಸ್ತು. ಕೆಳಗಿನ ಬಾಗಿಲಿನಿಂದ ಅದು ಎಂದೂ ಹೊರಡದು.

ಎಣ್ಣೆ ಎಂದು ಹೇಳುತ್ತಿದ್ದೇವಾದರೂ, ನಮ್ಮ ಕಾರುಗಳಲ್ಲಿರುವ ಬ್ರೇಕ್ ಆಯಿಲ್ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಇಂಜಿನ್ ಆಯಿಲನ್ನು ಇದರಲ್ಲಿ ಒಂದು ತೊಟ್ಟು ಬೆರೆಸಿದರೂ ರಬ್ಬರುಗಳು ಉಬ್ಬಿ ಕೆಡುತ್ತವೆ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನು ತಿನ್ನುತ್ತದೆ. ಕೂಡಲೆ ನೀರಿನಿಂದ ತೊಳೆಯಬೇಕು. ಇದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನ ತನಕ ಕುದಿಯಬಾರದೆಂದು ನಿಯಮ. ತೇವ ಹೀರಿದ ಬಳಿಕ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಆಳಂದದ ಬಯಲಿನಲ್ಲಿ ಓಡಾಡುವವನಿಗೆ ಇದರಿಂದ ತೊಂದರೆ ತೋರದೆ ವರ್ಷಗಳು ಕಳೆಯಬಹುದು. ಅದೇ ಕಾರಿನಲ್ಲಿ ಒಮ್ಮೆ ಧರ್ಮಸ್ಥಳಕ್ಕೆಂದು ಚಾರ್ಮಾಡಿ ಘಟ್ಟವಿಳಿಯುವಾಗ, ಬ್ರೇಕು ಕಾದು ದ್ರವ ಕುದಿದು, ಹಬೆಯು ಗಾಳಿಯ ಕೆಲಸವನ್ನೇ ಮಾಡೀತು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕೆನ್ನುವುದು ಇದಕ್ಕಾಗಿ.

ಗುಳ್ಳೆಗಳು ನಿಂತ ಮೇಲೆ ಪರೀಕ್ಷೆ. ಇಂಜಿನ್ನು ಚಾಲೂ ಮಾಡದೆ ಪೆಡಲನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಇನ್ನೂ ಉಂಟು. ಗಟ್ಟಿಯಾಗಿದ್ದೂ ಮೆಲ್ಲನೆ ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆ, ಇಲ್ಲವೆ ಮುಖ್ಯ ಸಿಲಿಂಡರಿನ ಸೀಲು ಸವೆದಿದೆ. ಆಮೇಲೆ ಇಂಜಿನ್ನು ಚಾಲೂ ಮಾಡಿದಾಗ ಪೆಡಲು ತುಸು ಕೆಳಗಿಳಿದರೆ ಗಾಬರಿಯಾಗಬೇಕಿಲ್ಲ. ಅದು ಬೂಸ್ಟರಿನ ನೆರವು. ಎಬಿಎಸ್ ಇರುವ ಹೊಸ ಕಾರುಗಳಲ್ಲಿ ಆ ಯಂತ್ರದ ಒಳಗೇ ಗಾಳಿ ಸಿಕ್ಕಿಕೊಂಡರೆ, ಅದನ್ನು ಹೊರಡಿಸಲು ಹಲವು ಕಾರುಗಳಿಗೆ ಬೇರೆ ಉಪಕರಣ ಬೇಕು. ಅಂಥದನ್ನು ಬೇವಿನ ಮರದ ಕೆಳಗೆ ಮಾಡಲಾಗದು.

ಸಂಜೆ ಉಸ್ತಾದರು ನಮ್ಮ ಪಕ್ಕದಲ್ಲಿಯೇ ಕುಳಿತು, ಒಂದು ಕೈಯನ್ನು ಕೈಬ್ರೇಕಿನ ಮೇಲಿಟ್ಟು, ಊರ ಹೊರಗಿನ ಬಯಲಿನಲ್ಲಿ ನಡಿಗೆಯ ವೇಗದಿಂದ ಆರಂಭಿಸಿ ಹತ್ತಾರು ಸಲ ಕಾರನ್ನು ನಿಲ್ಲಿಸಿಸಿದರು. ಪೆಡಲು ಮೊದಲ ಒತ್ತಿಗೇ, ಮೇಲೆಯೇ, ಕಲ್ಲಿನಂತೆ ಹಿಡಿಯಿತು. ಮನೆಗೆ ಬಂದು ಅರ್ಧ ಉಳಿದಿದ್ದ ಹೊಸ ಡಬ್ಬಿಯನ್ನು ಮುಂದಿನ ಸಲಕ್ಕೆಂದು ನಾವು ಮುಚ್ಚಿಡಲು ಹೋದೆವು. “ಬ್ಯಾಡ್ರೀ, ಬಾಯಿ ಬಿಚ್ಚಿದ ಡಬ್ಬಿ ಮಳೀಗಾಲದ ತನಕ ಇಟ್ರ ನೀರು ಕುಡೀತದ” ಎಂದು ಅದನ್ನು ಕೈಯಿಂದ ತೆಗೆದುಕೊಂಡು, ಬಟ್ಟಲಿನ ಹಳೆಯ ಎಣ್ಣೆಯ ಜೊತೆಗೆ, ಆಳಂದದ ಗ್ಯಾರೇಜಿಗೆ ಕೊಟ್ಟುಬರಲು ಒಂದು ಕ್ಯಾನಿನಲ್ಲಿ ಸುರಿದರು.