ಲಿಸಿಯದ ಕರಾವಳಿಯಲ್ಲಿ ಮುಸಾಫಿರ

ಮುಸಾಫಿರ ಎಂಬ ಮಾತು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಉತ್ತರದ ಜಿಲ್ಲೆಗಳ ಹಳೆಯ ಊರುಗಳಲ್ಲಿ ಮುಸಾಫಿರಖಾನೆಗಳಿದ್ದವು; ಹೊತ್ತು ಮುಳುಗಿದ ಮೇಲೆ ಊರು ಸೇರಿದ ದಾರಿಹೋಕರು ಅಲ್ಲಿ ಗಂಟುಮೂಟೆ ಇಳಿಸಿ ರಾತ್ರಿ ಕಳೆಯುತ್ತಿದ್ದರು. ಅರಬ್ಬಿಯಿಂದ ಹೊರಟ ಈ ಶಬ್ದಕ್ಕೆ ನಮ್ಮಲ್ಲಿ ಪ್ರಯಾಣಿಕ ಎಂಬ ಅರ್ಥವೇ ಉಳಿದಿದೆ. ಅದೇ ಶಬ್ದ ತುರ್ಕಿ ದೇಶಕ್ಕೆ ಹೋಗಿ 'ಮಿಸಾಫಿರ್' ಆಯಿತು. ಆದರೆ ಅಲ್ಲಿ ಅದರ ಅರ್ಥ ಪ್ರಯಾಣಿಕ ಎಂದಲ್ಲ, ಅತಿಥಿ ಎಂದು. ದಾರಿಯಲ್ಲಿ ನಡೆಯುತ್ತಿದ್ದವನು ಯಾವ ಗಳಿಗೆಯಲ್ಲಿ ಹೊಸಿಲು ದಾಟಿ ಒಳಗೆ ಕುಳಿತನೋ ನಿಘಂಟುಗಳು ಹೇಳುವುದಿಲ್ಲ. ಆದರೆ ಅವನು ಕುಳಿತದ್ದಂತೂ ನಿಜ.

ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಹಾಗೆ ಮುನ್ಸೂಚನೆಯಿಲ್ಲದೆ ಬಾಗಿಲಿಗೆ ಬಂದವನನ್ನು ತುರ್ಕರು 'ತನ್ರಿ ಮಿಸಾಫಿರಿ' ಎನ್ನುತ್ತಾರೆ. ದೇವರ ಅತಿಥಿ ಎಂದರ್ಥ. ತೈತ್ತಿರೀಯ ಉಪನಿಷತ್ತು ಅತಿಥಿಯನ್ನೇ ದೇವರೆಂದು ತಿಳಿಯಬೇಕೆಂದು ಬೋಧಿಸುತ್ತದೆ. ತುರ್ಕರ ಮಾತಿನ ಒಲವು ತುಸು ಬೇರೆ. ಬಂದವನು ದೇವರಲ್ಲ, ದೇವರ ನೆಂಟ. ಮನೆಯೂ ಅನ್ನವೂ ದೇವರವು. ಮನೆಯೊಡೆಯನದು ಬಡಿಸುವ ಕೈ ಮಾತ್ರ. ಆ ಮಾತನ್ನು ನಾನು ಹೀಗೆ ಅರ್ಥಮಾಡಿಕೊಂಡದ್ದು ಪುಸ್ತಕದಿಂದಲ್ಲ, ನಡಿಗೆಯಿಂದ.

ತುರ್ಕಿಯ ನೈಋತ್ಯದಲ್ಲಿ, ಫೆತಿಯೆ ಮತ್ತು ಅಂತಾಲ್ಯ ಎಂಬ ಪಟ್ಟಣಗಳ ನಡುವೆ, ತೋರಸ್ ಪರ್ವತದ ಸಾಲುಗಳು ಮೆಡಿಟರೇನಿಯನ್ ಸಮುದ್ರದ ಅಂಚಿಗೇ ಬಂದು ನಿಲ್ಲುತ್ತವೆ. ಪ್ರಾಚೀನರು ಇದನ್ನು ಲಿಸಿಯ ಎಂದು ಕರೆದರು. ಬಂಡೆಯಲ್ಲಿ ಮರದ ಮನೆಯ ತೊಲೆ ಜಂತಿಗಳನ್ನೇ ಕಡೆದು ಗೋರಿ ಮಾಡಿದ ಜನ ಅವರು. ಅವರಿಗೆ ಅವರದೇ ಭಾಷೆಯಿತ್ತು, ಅವರದೇ ಲಿಪಿಯಿತ್ತು. ರೋಮನ್ನರ ಕಾಲದ ಹಾದಿ, ಹೇಸರಗತ್ತೆಗಳ ಹಾದಿ, ಬೇಸಗೆಯಲ್ಲಿ ಮಂದೆಯೊಡನೆ ಮಲೆಗೆ ಏರುವ ಯೂರುಕ್ ಎಂಬ ಅಲೆಮಾರಿ ಕುರುಬರ ಹಾದಿ, ಇವೆಲ್ಲವನ್ನೂ ಹೊಂದಿಸಿ, ಕೇಟ್ ಕ್ಲೋ ಎಂಬ ಬ್ರಿಟಿಷ್ ಮಹಿಳೆ 1999ರಲ್ಲಿ ಒಂದು ಕಾಲುದಾರಿಯನ್ನು ಲೋಕಕ್ಕೆ ತೆರೆದರು. ಅದಕ್ಕೆ 'ಲಿಸಿಯದ ದಾರಿ' ಎಂದು ಹೆಸರು. ಉದ್ದ 500 ಕಿಲೋಮೀಟರಿಗೂ ಮಿಕ್ಕು. ಕಲ್ಲಿನ ಮೇಲೆ, ಮರದ ಬೊಡ್ಡೆಯ ಮೇಲೆ ಬಳಿದ ಕೆಂಪು ಬಿಳಿಯ ಪಟ್ಟೆಯೇ ಅದರ ಗುರುತು.

ಕೆಲಸದಿಂದ ನಿವೃತ್ತನಾದ 2018ರ ಅಕ್ಟೋಬರಿನಲ್ಲಿ ನಾನೂ, ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳೂ ಫೆತಿಯೆಯಿಂದ ಕಾಶ್ ಎಂಬ ಬಂದರಿನವರೆಗೆ ಈ ದಾರಿಯಲ್ಲಿ ನಡೆದೆವು. ಬೆನ್ನಿನ ಮೇಲೆ ಒಂಬತ್ತು ಕಿಲೋ ಭಾರದ ಚೀಲ. ಎಡಕ್ಕೆ ದೇವದಾರು ಜಾತಿಯ ಮರಗಳ ಗುಡ್ಡ, ಬಲಕ್ಕೆ ನೂರಾರು ಅಡಿ ಕೆಳಗೆ ಕಡುನೀಲಿಯ ಕಡಲು. ಕಡಲಿನ ಚೆಲುವನ್ನು ವರ್ಣಿಸುವುದಕ್ಕೆ ಸಮರ್ಥರು ಬೇರೆ ಇದ್ದಾರೆ. ನನ್ನ ವಿಷಯ ಅಲ್ಲಿಯ ಮನುಷ್ಯರು.

ಬಸ್ಸಿನಲ್ಲಿ ಬಂದಿಳಿದವನಿಗೂ ಹೊರೆ ಹೊತ್ತು ನಡೆದು ಬಂದವನಿಗೂ ಜನ ಕೊಡುವ ಮರ್ಯಾದೆಯಲ್ಲಿ ಬಹಳ ಅಂತರವಿದೆ. ಬಸ್ಸಿನವನಿಗೆ ಹೊತ್ತಿಗೆ ಸರಿಯಾಗಿ ಊಟವಿದೆ, ಊರಿನಿಂದ ಅವನಿಗೆ ಆಗಬೇಕಾದದ್ದು ಏನೂ ಇಲ್ಲ. ನಡೆಯುವವನಿಗಾದರೆ ಬಾಯಾರುತ್ತದೆ, ದಾರಿ ತಪ್ಪುತ್ತದೆ, ಮಳೆ ಬಂದರೆ ಸೂರು ಬೇಕಾಗುತ್ತದೆ. ಕೇಳುವ ಅಗತ್ಯವಿದ್ದವನಿಗೇ ಕೊಡುವವರು ಕಾಣಿಸಿಕೊಳ್ಳುತ್ತಾರೆ. ಆ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೇಸಗೆಯೆಂದರೆ ನೀರಿನ ಬರ. ಆದ್ದರಿಂದ ದಾರಿಯುದ್ದಕ್ಕೂ ಹಿಂದಿನವರು ಕಲ್ಲಿನ ಗುಮ್ಮಟ ಕಟ್ಟಿ, ಮಳೆನೀರು ಹಿಡಿದಿಡುವ ತೊಟ್ಟಿಗಳನ್ನು ಮಾಡಿದ್ದಾರೆ. ಊರ ಬದಿಯ ನಲ್ಲಿಗಳನ್ನು ತೀರಿಹೋದ ಹಿರಿಯರ ಹೆಸರಿನಲ್ಲಿ ಪುಣ್ಯಕ್ಕೆಂದು ಕಟ್ಟಿಸುವ ರೂಢಿ ಇಂದಿಗೂ ಇದೆ. ಅರವಟ್ಟಿಗೆಯನ್ನು ಧರ್ಮಕಾರ್ಯವೆಂದು ಕಲ್ಲಿನಲ್ಲಿ ಕೆತ್ತಿಸಿದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಹಳ್ಳಿಯೊಂದನ್ನು ಹಾಯುವಾಗ ಹೊಲದಲ್ಲಿ ಬಗ್ಗಿ ದುಡಿಯುತ್ತಿರುವವರನ್ನು ಕಂಡರೆ ಹೇಳಬೇಕಾದ ಮಾತೊಂದಿದೆ: 'ಕೊಲಾಯ್ ಗೆಲ್ಸಿನ್'. ಕೆಲಸ ಹಗುರಾಗಿ ಸಾಗಲಿ ಎಂಬ ಹಾರೈಕೆ. ಅವರು ಬೆನ್ನೆತ್ತಿ ನೋಡಿ 'ಹೋಶ್ ಗೆಲ್ದಿನಿಜ್' ಎನ್ನುತ್ತಾರೆ, ಸುಖವಾಗಿ ಬಂದಿರಿ. ಅದಕ್ಕೆ ಸುಮ್ಮನಿರುವಂತಿಲ್ಲ. 'ಹೋಶ್ ಬುಲ್ದುಕ್', ಸುಖವನ್ನೇ ಕಂಡೆವು ಎಂದು ಮರುಮಾತು ಹೇಳಬೇಕು. ಸ್ವಾಗತಿಸುವುದು ಮನೆಯವರ ಕರ್ತವ್ಯವಾದರೆ ಸುಖ ಕಾಣುವುದು ಬಂದವನ ಕರ್ತವ್ಯ. ಆ ಭಾಷೆಯಲ್ಲಿ ಆತಿಥ್ಯ ಇಬ್ಬರ ಕೆಲಸ.

ಭಾಷೆ ಬಾರದೆ ಹೇಗೆ ನಿಭಾಯಿಸಿದಿರಿ ಎಂದು ಮಿತ್ರರು ಕೇಳುತ್ತಾರೆ. ತುರ್ಕಿ ಭಾಷೆಯ ಬಾಗಿಲು ಕನ್ನಡಿಗನಿಗೆ ಅಷ್ಟು ಬಿಗಿಯಾಗಿ ಮುಚ್ಚಿಲ್ಲ. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿಯೂ ಪ್ರಕೃತಿಗೆ ಪ್ರತ್ಯಯಗಳು ಒಂದರ ಹಿಂದೊಂದು ಹತ್ತುತ್ತವೆ. 'ಎವ್' ಎಂದರೆ ಮನೆ, 'ಎವ್ಲೆರ್' ಎಂದರೆ ಮನೆಗಳು, 'ಎವ್ಲೆರ್‌ದೆ' ಎಂದರೆ ಮನೆಗಳಲ್ಲಿ. ಈ ಬಗೆಯ ಹೋಲಿಕೆಗಳನ್ನು ನೋಡಿಯೇ 1856ರಲ್ಲಿ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳನ್ನು ತುರ್ಕಿಯ ಬಳಗಕ್ಕೆ ಹತ್ತಿರ ತಂದದ್ದು. ವಿದ್ವಾಂಸರು ಅದನ್ನು ಆಮೇಲೆ ಒಪ್ಪಲಿಲ್ಲ. ನೆಂಟಸ್ತನ ಸುಳ್ಳಾದರೂ ಮುಖಲಕ್ಷಣ ಹೋಲುವುದು ಸುಳ್ಳಲ್ಲ. ಶಬ್ದಗಳ ಕಥೆಯಂತೂ ನಿಜವಾದ ಕೊಳುಕೊಡೆಯದು. ದುನಿಯಾ, ಕಿತಾಬು, ಸಾಬೂನು, ಜವಾಬು, ಹಿಸಾಬು ಎಲ್ಲವೂ ಅವರಲ್ಲಿವೆ. ನಮ್ಮ ಸಕ್ಕರೆ ಅಲ್ಲಿ 'ಶೆಕೆರ್'. ಮಾತಿನ ಜೊತೆಗೆ ಮನುಷ್ಯರೂ ಓಡಾಡಿದ್ದಾರೆ: ಇಂದು ವಿಜಾಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು 1549ರಲ್ಲಿ ಎರಕ ಹೊಯ್ದವನ ಹೆಸರು ಮಹಮ್ಮದ್ ಬಿನ್ ಹಸನ್ ರೂಮಿ, ರೂಮ್ ಎಂಬುದು ಅವರ ನಾಡಿನ ಹಳೆಯ ಹೆಸರು.

ಸಂಬಂಧವಾಚಕಗಳಲ್ಲಂತೂ ನಾವು ಮನೆಯಲ್ಲೇ ಇದ್ದಂತಾಯಿತು. ತಾಯಿಯ ತಂಗಿ 'ತೇಜೆ', ತಂದೆಯ ತಂಗಿ 'ಹಲಾ'. ಚಿಕ್ಕಪ್ಪ 'ಅಮ್ಜಾ', ಸೋದರಮಾವ 'ದಾಯಿ'. ಇಂಗ್ಲಿಷಿನಲ್ಲಿ ಒಂದೇ ಮಾತಿನೊಳಗೆ ಕಲಸಿಹೋಗುವ ನಂಟುಗಳು ಇಲ್ಲಿ ನಮ್ಮಲ್ಲಿಯಂತೆ ಬೇರೆ ಬೇರೆ ನಿಂತಿವೆ. ಗುರುತಿಲ್ಲದ ಹಿರಿಯರನ್ನೂ ಹೀಗೆಯೇ ಕರೆಯಬೇಕು. ನನ್ನ ಮಗಳು ಎಲ್ಲ ಮುದುಕಿಯರನ್ನೂ 'ತೇಜೆ' ಎಂದಳು. ಅವರು ನನ್ನನ್ನು 'ಅಮ್ಜಾ' ಎಂದರು. ಹಿಂದೂಸ್ಥಾನದವರೆಂದು ತಿಳಿದೊಡನೆ ಹಿರಿಯ ತಲೆಮಾರಿನವರ ಬಾಯಲ್ಲಿ ಬರುತ್ತಿದ್ದ ಹೆಸರು ರಾಜ್ ಕಪೂರ್. 1951ರ 'ಆವಾರಾ' ಚಿತ್ರ ಆ ದೇಶವನ್ನೇ ಮರುಳುಮಾಡಿತ್ತು. 1964ರಲ್ಲಿ ಅವರ ಭಾಷೆಯಲ್ಲೇ ಮತ್ತೊಮ್ಮೆ ತಯಾರಾಯಿತು. ಇನ್ನೊಂದು ತಮಾಷೆ: ಇಂಗ್ಲಿಷರು ಟರ್ಕಿ ಎಂದು ಕರೆಯುವ ಆ ದೊಡ್ಡ ಕೋಳಿಗೆ ತುರ್ಕರು ಇಟ್ಟ ಹೆಸರು 'ಹಿಂದಿ'. ಅಮೆರಿಕದ ಆ ಬಡಪಾಯಿ ಪಕ್ಷಿಗೆ ಪಿತೃತ್ವ ಹೊರಿಸಲು ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ!

ಚಹದ ವಿಷಯ ಹೇಳದೆ ಈ ಮಾತು ಮುಂದುವರಿಯದು. ಒಂದರ ಮೇಲೊಂದು ಕೂರಿಸಿದ ಎರಡು ಪಾತ್ರೆ. ಕೆಳಗಿನದರಲ್ಲಿ ಕುದಿಯುವ ನೀರು, ಮೇಲಿನದರಲ್ಲಿ ಗಟ್ಟಿಯಾದ ಡಿಕಾಕ್ಷನ್. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದೆ ಕೊಡುತ್ತಾರೆ. ಒಮ್ಮೆ ಬರಿದಾದೊಡನೆ ಮತ್ತೆ ತುಂಬುತ್ತದೆ. ಸಾಕೆನ್ನಬೇಕಾದರೆ ಲೋಟದ ಮೇಲೆ ಚಮಚ ಅಡ್ಡಲಾಗಿಡಬೇಕು. ಈ ಚಹ ಪುರಾತನವೆಂದು ತಿಳಿಯಬೇಡಿ. ಕಪ್ಪು ಸಮುದ್ರದ ದಂಡೆಯ ರಿಜೆ ಪ್ರಾಂತದಲ್ಲಿ ಅದನ್ನು ಬೆಳೆದು ಮನೆಮನೆಗೆ ಮುಟ್ಟಿಸಿದ್ದು ಇಪ್ಪತ್ತನೆಯ ಶತಮಾನ. ಅದಕ್ಕೂ ಹಿಂದಿನದು ಕಾಫಿ. ಒಂದು ಬಟ್ಟಲು ಕಾಫಿಯ ಋಣ ನಲವತ್ತು ವರ್ಷ ಇರುತ್ತದೆಂದು ಅವರ ಗಾದೆ.

ಕಬಾಕ್ ಎಂಬ ಕೊಲ್ಲಿಯನ್ನು ದಾಟಿ ಗುಡ್ಡ ಹತ್ತಿದ ಸಂಜೆ ಜೋರು ಮಳೆ ಹಿಡಿಯಿತು. ಏಳೆಂಟು ಮನೆಗಳ ಊರು. ಜಗಲಿಯ ಮೇಲೆ ದಾಳಿಂಬೆ ಬಿಡಿಸುತ್ತ ಕುಳಿತಿದ್ದ ವೃದ್ಧೆ ನಮ್ಮನ್ನು ಕಂಡು ಕೇಳಿದ್ದು ಯಾರೆಂದಲ್ಲ, ಎಲ್ಲಿಯವರೆಂದಲ್ಲ. ಎದ್ದು ಬಾಗಿಲು ತೆರೆದು, ಒಲೆಯ ಹತ್ತಿರ ಜಾಗ ತೋರಿಸಿದರು. ಮೊಸರು ಹಾಕಿ ಹುದುಗಿಸಿ ಒಣಗಿಸಿದ ಹಿಟ್ಟಿನ ಬಿಸಿ ಸಾರು, ತೆಳ್ಳನೆಯ ರೊಟ್ಟಿ, ಆಲಿವ್ ಕಾಯಿ, ಆಡಿನ ಹಾಲಿನ ಗಿಣ್ಣು. ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ಕೈಸನ್ನೆಯಿಂದ ತಿಳಿಸಿದಾಗ ಆಕೆ ಅದನ್ನು ಕಾಯಿಲೆ ಎಂದು ಭಾವಿಸಿ, ಮರುಕದಿಂದ ಇನ್ನೂ ಎರಡು ರೊಟ್ಟಿ ಇಟ್ಟರು. ಬೆಳಿಗ್ಗೆ ಹೊರಟಾಗ ಒಂದು ಚೊಂಬು ನೀರನ್ನು ನಮ್ಮ ಹಿಂದೆ ನೆಲಕ್ಕೆ ಸುರಿದರು. ನೀರಿನಂತೆ ಸರಾಗವಾಗಿ ಹೋಗಿ, ನೀರಿನಂತೆ ಮರಳಿ ಬನ್ನಿ ಎಂಬುದು ಅದರ ಅರ್ಥ. 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎಂದು ಹೊರಡುವ ನಮಗೆ ವಿವರಣೆ ಬೇಕಾಗಲಿಲ್ಲ.

ಇದನ್ನೆಲ್ಲ ಕೇಳಿ ಅಲ್ಲಿಯವರು ಹಣವನ್ನೇ ಅರಿಯದ ಮುಗ್ಧರೆಂದು ಯಾರೂ ಭಾವಿಸಬಾರದು. ಪ್ರವಾಸಿಗರಿಂದಲೇ ಆ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಕಡಲ ತಗ್ಗಿನಲ್ಲಿ ಎಕರೆಗಟ್ಟಲೆ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಟೊಮ್ಯಾಟೊ ಬೆಳೆಯುತ್ತಾರೆ. ಬಾಡಿಗೆಗೆ ಕೋಣೆ ಕೊಡುವ ಮನೆಗಳಲ್ಲಿ ನಾವೂ ಉಳಿದೆವು. ಹಾಸಿಗೆಗೂ ಊಟಕ್ಕೂ ಲೀರಾ ಲೀರಾ ಲೆಕ್ಕ ಹಾಕಿಯೇ 'ಹೆಸಾಪ್' ತಂದರು. ಆದರೆ ಕುಡಿದ ಚಹ ಆ ಚೀಟಿಯಲ್ಲಿ ಇರುತ್ತಿರಲಿಲ್ಲ. ಚೀಲಕ್ಕೆ ತುರುಕಿದ ದಾಳಿಂಬೆಯೂ ಇರುತ್ತಿರಲಿಲ್ಲ. ಒಂದೇ ಮನೆಯಲ್ಲಿ ವ್ಯಾಪಾರವೂ ಆತಿಥ್ಯವೂ ಒಟ್ಟಿಗಿದ್ದವು, ಮತ್ತು ಎರಡರ ನಡುವಿನ ಗೆರೆ ಮನೆಯೊಡತಿಗೆ ಸ್ಪಷ್ಟವಾಗಿ ಗೊತ್ತಿತ್ತು.

ದಾರಿಯ ಮೊದಲ ದಿನವೇ ಕಂಡ ಒಂದು ಊರನ್ನು ನಾನು ಕೊನೆಗೆಂದು ಉಳಿಸಿಕೊಂಡಿದ್ದೇನೆ. ಫೆತಿಯೆಯಿಂದ ಗುಡ್ಡ ದಾಟಿದರೆ ಕಾಯಾಕೊಯ್; ಅದರ ಹಿಂದಿನ ಹೆಸರು ಲೆವಿಸ್ಸಿ. ಇಳಿಜಾರಿನ ಮೇಲೆ ನೂರಾರು ಕಲ್ಲುಮನೆಗಳು, ಸೂರಿಲ್ಲ, ಬಾಗಿಲಿಲ್ಲ. ಗೋಡೆಯೊಳಗಿಂದ ಅಂಜೂರದ ಗಿಡ ತಲೆ ಹಾಕಿದೆ. ಅಲ್ಲಿದ್ದವರು ಗ್ರೀಕ್ ಸಂಪ್ರದಾಯದ ಕ್ರೈಸ್ತರು. ಯುದ್ಧವೊಂದು ಮುಗಿದು, 1923ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಗ್ರೀಸ್ ಮತ್ತು ತುರ್ಕಿಗಳ ನಡುವೆ ಒಪ್ಪಂದವಾಯಿತು. ಅದರಂತೆ ತುರ್ಕಿಯ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸಲ್ಮಾನರು ತುರ್ಕಿಗೆ ಸೇರಬೇಕಾಯಿತು. ಮೊದಲೇ ಓಡಿಹೋದವರನ್ನೂ ಸೇರಿಸಿದರೆ ಆ ಕಡೆಗೆ ಸುಮಾರು 12 ಲಕ್ಷ, ಈ ಕಡೆಗೆ ಸುಮಾರು 4 ಲಕ್ಷ ಜನ. ವಿಂಗಡಣೆಗೆ ಹಿಡಿದ ಅಳತೆ ಮತ, ಭಾಷೆಯಲ್ಲ. ತುರ್ಕಿಯನ್ನೇ ಮನೆಮಾತಾಗಿ ಆಡುತ್ತಿದ್ದ ಕ್ರೈಸ್ತರು ಗ್ರೀಸಿನಲ್ಲಿ ಮೂಕರಾದರು. ಗ್ರೀಕನ್ನೇ ಆಡುತ್ತಿದ್ದ ಕ್ರೀಟಿನ ಮುಸಲ್ಮಾನರು ತುರ್ಕಿಯಲ್ಲಿ ಮೂಕರಾದರು. ಜೀವಮಾನವೆಲ್ಲ ಭಾಷೆಯನ್ನು ಪಾಠ ಹೇಳಿದವನಿಗೆ ಆ ಗೋಡೆಗಳ ನಡುವೆ ನಿಂತಾಗ ಅದಕ್ಕಿಂತ ದೊಡ್ಡ ಶೂನ್ಯ ಬೇರೆ ಕಾಣಲಿಲ್ಲ.

ಇದೇ ಕರಾವಳಿಯ ಲೆತೂನ್ ಎಂಬ ಕ್ಷೇತ್ರದಲ್ಲಿ 1973ರಲ್ಲಿ ಒಂದು ಶಾಸನ ಸಿಕ್ಕಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ್ದು. ದೇವರೊಬ್ಬನ ಪೂಜೆಯ ಏರ್ಪಾಡನ್ನು ಲಿಸಿಯನ್, ಗ್ರೀಕ್, ಅರಮಾಯಿಕ್ ಎಂಬ ಮೂರು ಭಾಷೆಗಳಲ್ಲಿ ಬರೆಸಿದ್ದಾರೆ. ಈಗ ಫೆತಿಯೆಯ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಒಂದೇ, ಓದುವವರು ಮೂರು ಬಗೆ. ಅಂಥ ಕಲ್ಲು ನಿಂತಿದ್ದ ನೆಲದಲ್ಲಿಯೇ ಲೆವಿಸ್ಸಿ ಬರಿದಾಯಿತು.

ಕಾಯಾಕೊಯ್‌ನಲ್ಲಿ ನಮಗೆ ಚಹ ಕೊಟ್ಟವರು, ತಮ್ಮ ಅಜ್ಜಿ ಆ ಮನೆಗಳ ಕಡೆ ನೋಡಿದಾಗಲೆಲ್ಲ ನೆರೆಯವರ ಹೆಸರು ಹಿಡಿದು ನೆನೆಯುತ್ತಿದ್ದರೆಂದು ಹೇಳಿದರು. ಅವರನ್ನು ಅಟ್ಟಿದವರು ಊರಿನ ಜನವಲ್ಲ. ದೂರದ ಮೇಜಿನ ಸುತ್ತ ಕುಳಿತವರು. ಆದರೂ ಆ ಸುದೀರ್ಘ ನಡಿಗೆಯಲ್ಲಿ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ದಾರಿಹೋಕನನ್ನು ಪ್ರೀತಿಸುವುದು ದೊಡ್ಡ ಗುಣ, ನಿಜ; ಆದರೆ ಅವನು ನಾಳೆ ಬೆಳಿಗ್ಗೆ ಹೊರಟುಹೋಗುತ್ತಾನೆ. ಬಾವಿಯಲ್ಲಿ ಪಾಲು ಕೇಳುವುದಿಲ್ಲ, ಹೊಲದ ಬದುವಿಗೆ ಬರುವುದಿಲ್ಲ. ಹೋಗದೆ ಪಕ್ಕದಲ್ಲೇ ಉಳಿಯುವ ಬೇರೆ ಮತದವನು, ಬೇರೆ ನುಡಿಯವನು ಇದ್ದಾನಲ್ಲ, ಅವನ ಮುಂದೆ ನಮ್ಮ ಆತಿಥ್ಯದ ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ಸೋತದ್ದು ಒಂದು ದೇಶವಲ್ಲ. 1947ನ್ನು ಕಂಡ ನಾವು ಇನ್ನೊಬ್ಬರತ್ತ ಬೆರಳು ತೋರಿಸುವಂತಿಲ್ಲ.

ಕಬಾಕಿನ ಗುಡ್ಡದ ಆ ತಾಯಿಯ ಋಣವನ್ನು ಆಕೆಗೆ ತೀರಿಸುವ ದಾರಿ ನನಗಿಲ್ಲ. ಆತಿಥ್ಯದ ಋಣವನ್ನು ಕೊಟ್ಟವರಿಗೆ ಹಿಂದಿರುಗಿಸುವುದು ಅಪರೂಪ; ಅದನ್ನು ಮುಂದಿನವರಿಗೆ ದಾಟಿಸಬೇಕಷ್ಟೆ. ನಮ್ಮ ಬೀದಿಗಳಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಫಲಕ ತೂಗುತ್ತಿರುತ್ತದೆ. ಬೇರೆ ಊರಿನಿಂದ ಬಂದ ಯಾರೋ ಒಬ್ಬರು ಗೇಟಿನ ಹೊರಗೆ ನಿಂತು ಕೇಳುತ್ತಾರೆ. ಬಾಡಿಗೆ ಎಷ್ಟು ಎಂಬುದಕ್ಕೆ ಮೊದಲು ನಾವು ಅವರನ್ನು ಏನೇನು ವಿಚಾರಿಸುತ್ತೇವೆಂಬುದು ಕೇಳುಗರಿಗೆ ಗೊತ್ತಿದೆ. ಮಳೆಯಲ್ಲಿ ನೆನೆದು ಬಂದ ಇಬ್ಬರನ್ನು ಆ ವೃದ್ಧೆ ಅದಾವುದನ್ನೂ ಕೇಳಲಿಲ್ಲ. ಮೊದಲು ಬಾಗಿಲು ತೆರೆದರು.