ಹಂಪಿಯ ಕಲ್ಲು, ಹಂಪಿಯ ಜನ

(ಹಿಟ್ನಾಳದ ಸಭೆಯಲ್ಲಿ ಮಾಡಿದ ಭಾಷಣ)



ಹೊಳೆಯ ಆಚೆಗೆ ಹಂಪಿ, ಈಚೆಗೆ ಆನೆಗೊಂದಿ. ಪ್ರವಾಸಿಗರು ಬಂದರೆ ನಮಗೆ ಸಂತೋಷವೇ. ಆಟೋದವನಿಗೆ ಬಾಡಿಗೆ, ಹರಿಗೋಲಿನವನಿಗೆ ಕೂಲಿ, ಖಾನಾವಳಿಗೆ ಗಿರಾಕಿ, ಬಾಳೆಹಣ್ಣು ಮಾರುವ ತಾಯಿಗೆ ನಾಲ್ಕು ಕಾಸು. ಹೀಗಿದ್ದೂ ಊರವರ ಮನಸ್ಸಿನಲ್ಲಿ ಕಹಿ ಏಕೆ?

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. 300ಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಕಡ್ಡಿರಾಂಪುರದ ನಿವೇಶನ ದೊರೆತದ್ದು ಸೂರು ಹೋದ ಮೇಲೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಾರ್ಚಿಯಲ್ಲಿ ನಮ್ಮ ಜಿಲ್ಲೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಮಾಲೀಕ ತನ್ನ ಬಂಡವಾಳವನ್ನು ಬೇರೆಡೆ ಹೂಡಿಯಾನು. ಅಲ್ಲಿ ಪಾತ್ರೆ ತೊಳೆಯುತ್ತಿದ್ದವನು ಎಲ್ಲಿಗೆ ಹೋಗಬೇಕು?

ಕಲ್ಲು ಉಳಿಯಬಾರದೆಂದು ನಾವು ಹೇಳುವುದಿಲ್ಲ. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿದರೆ ಸ್ಮಾರಕಕ್ಕೆ ಹಾನಿ ಎಂಬುದು ನಿಜ. ಆದರೆ ವಿಜಯನಗರದ ಅರಸರ ಕಾಲದಲ್ಲಿಯೂ ಅದು ವ್ಯಾಪಾರದ ಬೀದಿಯೇ ಆಗಿತ್ತು. ಕೊಳ್ಳುವವರು, ಮಾರುವವರು ಇಲ್ಲದ ಬಜಾರು ಎಂಥ ಬಜಾರು?

ಗಿರಣಿ ಮುಚ್ಚುವ ಮಾತು ಬಂದಾಗ ನೋಟೀಸು ಕೊಡಿ, ಪರಿಹಾರ ಕೊಡಿ ಎಂದು ಕೇಳಲು ನೀವು ಹೋರಾಡಿ ಕಲಿತಿದ್ದೀರಿ. ಹಂಪಿಯ ಅಂಗಡಿಯವನೂ ಕೇಳುವುದು ಅದನ್ನೇ. 2002ರ ಕಾನೂನಿನಂತೆ ಹಂಪಿಗೆ ಒಂದು ಪ್ರಾಧಿಕಾರವಿದೆ. ಅದು ಯೋಜನೆ ಬರೆಯುವ ಮೊದಲು ಊರವರನ್ನು ಕೂಡಿಸಿ ಕೇಳಲಿ. ಎಬ್ಬಿಸುವ ಮೊದಲು ಮನೆ, ಮಳಿಗೆ ಕೊಡಲಿ. ಹೊಸ ಕೆಲಸಗಳಲ್ಲಿ ಸುತ್ತಲಿನ ಹಳ್ಳಿಗಳವರಿಗೆ ಮೊದಲ ಹಕ್ಕು ಇರಲಿ.

ಸತ್ತ ಅರಸರ ಪಟ್ಟಣವನ್ನು ಕಾಯುವ ಸರ್ಕಾರ ಬದುಕಿರುವ ಪ್ರಜೆಯನ್ನೂ ಕಾಯಲಿ. ಇದನ್ನು ಒಬ್ಬೊಬ್ಬರಾಗಿ ಕೇಳಿದರೆ ಅರ್ಜಿ; ಒಟ್ಟಾಗಿ ಕೇಳಿದರೆ ಹಕ್ಕು.