ವಕೀಲರೇ ಕೈಬಿಟ್ಟರೆ?
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಗಂಡ ಹೊಡೆದರೆ ಎಲ್ಲಿಗೆ ಹೋಗಬೇಕು, ವರದಕ್ಷಿಣೆಗೆ ಪೀಡಿಸಿದರೆ ಯಾರಿಗೆ ದೂರು ಕೊಡಬೇಕು ಎಂಬುದನ್ನು ನಮ್ಮ ಸಂಘಗಳಲ್ಲಿ ಮಾತಾಡಿದ್ದೇವೆ. ಇವತ್ತಿನದು ಅದರ ಮುಂದಿನ ಮಾತು. ಕೋರ್ಟಿಗೆ ಹೋದೆವು, ವಕೀಲರನ್ನು ಹಿಡಿದೆವು, ಫೀಸೂ ಕೊಟ್ಟೆವು. ಆ ವಕೀಲರೇ ಕೇಸನ್ನು ಮೂಲೆಗೆ ಹಾಕಿದರೆ ಏನು ಮಾಡುವುದು?

ನಾನು ನೊಂದ ಹೆಣ್ಣುಮಕ್ಕಳ ಜೊತೆ ಕೋರ್ಟಿಗೆ ಅಲೆಯುವವಳು. ಒಬ್ಬ ತಾಯಿ ಕೂಲಿ ಬಿಟ್ಟು ತಿಂಗಳುಗಟ್ಟಲೆ ವಕೀಲರ ಬಾಗಿಲು ಕಾದಳು. "ಮುಂದಿನ ವಾಯಿದೆಗೆ ಬಾ" ಎನ್ನುವುದೊಂದೇ ಉತ್ತರ. ಕೋರ್ಟಿನ ಕಚೇರಿಯಲ್ಲಿ ವಿಚಾರಿಸಿದಾಗ ತಿಳಿಯಿತು: ವಕೀಲರು ಹಾಜರಾಗದೆ ಅವಳ ಜೀವನಾಂಶದ ದಾವೆ ವಜಾ ಆಗಿತ್ತು. ದೂರು ಕೊಡೋಣ ಎಂದರೆ, "ಓದಿದವರನ್ನು ನಾವು ಎದುರುಹಾಕಿಕೊಳ್ಳುವುದೇ?" ಎಂದು ಹೆದರಿದಳು. ಗಂಡನ ವಿಷಯದಲ್ಲೂ ನಾವು ಮೊದಲು ಹೀಗೇ ಹೆದರುತ್ತಿದ್ದೆವಲ್ಲವೇ? ಸಂಘದ ನಾಲ್ವರು ಜೊತೆಗೆ ನಿಂತ ಮೇಲೆ ಅವಳು ದೂರಿಗೆ ಸಹಿ ಹಾಕಿದಳು.

ಇಂಥ ಸಂದರ್ಭದಲ್ಲಿ ಮೊದಲು ಕೇಸನ್ನು ಉಳಿಸಿಕೊಳ್ಳಿ, ದೂರು ಆಮೇಲೆ. ಗೈರುಹಾಜರಿಯಿಂದ ಸಿವಿಲ್ ದಾವೆ ವಜಾ ಆದರೆ, ಅದನ್ನು ಮತ್ತೆ ತೆರೆಯಿರಿ ಎಂದು 30 ದಿನದೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ಕಾರಣ ಹೇಳಿ ಕ್ಷಮೆ ಕೋರಬಹುದು. ತನ್ನ ಕೈಲಾದದ್ದನ್ನೆಲ್ಲ ಮಾಡಿದ ಕಕ್ಷಿಗಾರರು ವಕೀಲರ ತಪ್ಪಿಗೆ ನರಳಬಾರದು ಎಂದು ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ. ಆದರೆ ಇದನ್ನೇ ನಂಬಿ ಸುಮ್ಮನೆ ಕೂರಬೇಡಿ. ತಡ ಮಾಡಿದಷ್ಟೂ ಕಷ್ಟ.

ಬೇರೆ ವಕೀಲರನ್ನು ನೇಮಿಸಿಕೊಳ್ಳುವುದು ನಿಮ್ಮ ಹಕ್ಕು. "ಬಾಕಿ ಫೀಸು ಕೊಡುವವರೆಗೆ ಫೈಲು ಕೊಡುವುದಿಲ್ಲ" ಎಂದು ಹಳೆಯ ವಕೀಲರು ಹೇಳುವಂತಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಹಣವಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಣ್ಣಿಗೆ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ಇನ್ನು ದೂರಿನ ವಿಷಯ. ಕೇಸು ಸೋತದ್ದೆಲ್ಲ ವಕೀಲರ ಅಪರಾಧವಲ್ಲ. ಆದರೆ ಫೀಸು ಪಡೆದು ಕೇಸೇ ಹಾಕದಿರುವುದು, ಹಾಕಿದ್ದೇನೆಂದು ಸುಳ್ಳು ಹೇಳುವುದು, ನಿಮಗೆ ಬಂದ ಹಣ ಇಟ್ಟುಕೊಳ್ಳುವುದು, ಗಂಡನ ಕಡೆಯವರ ಜೊತೆ ಕೈ ಸೇರಿಸುವುದು, ಇವೆಲ್ಲ ವೃತ್ತಿ ದುರ್ನಡತೆ. 1961ರ ವಕೀಲರ ಕಾಯಿದೆಯ 35ನೇ ಕಲಮಿನಡಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ದೂರಿನಲ್ಲಿ ಹುರುಳಿದೆ ಎನಿಸಿದರೆ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಕಳಿಸುತ್ತದೆ. ಸಮಿತಿಯು ಎರಡೂ ಕಡೆ ಕೇಳಿ ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಕೆಲಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ತೀರ್ಮಾನವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದಲ್ಲಿ ಅಲ್ಲಿಗೇ ಮೇಲ್ಮನವಿ. ಗ್ರಾಹಕರ ಕೋರ್ಟಿಗೆ ಹೋಗೋಣವೆಂದರೆ, ವಕೀಲರ ಸೇವೆ ಆ ಕಾಯಿದೆಗೆ ಒಳಪಡುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ.

ವಕೀಲರ ಮೇಲಿನ ದೂರನ್ನು ವಕೀಲರೇ ವಿಚಾರಿಸುತ್ತಾರೆ. ನ್ಯಾಯ ಸಿಗುತ್ತದೆಯೇ ಎಂಬ ಅನುಮಾನ ನನಗೂ ಇದೆ. ಅದಕ್ಕೇ ಕಾಗದ ಗಟ್ಟಿಯಾಗಿರಬೇಕು. ಫೀಸಿಗೆ ರಸೀದಿ ಕೇಳಿ. ಸಹಿ ಹಾಕಿದ ಪ್ರತಿ ಕಾಗದದ ನಕಲು ಇಟ್ಟುಕೊಳ್ಳಿ. ಖಾಲಿ ಹಾಳೆಗೆ ಸಹಿ ಬೇಡ. ಕೇಸಿನ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರು ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಒತ್ತಿದರೆ ಮುಂದಿನ ವಾಯಿದೆ ಯಾವಾಗ ಎಂದು ನಿಮ್ಮ ಮಗಳೇ ಓದಿ ಹೇಳುತ್ತಾಳೆ.

ನಾವು ಉಳಿತಾಯದ ಪುಸ್ತಕದಲ್ಲಿ ಹತ್ತು ರೂಪಾಯಿಗೂ ಲೆಕ್ಕ ಬರೆಯುವವರು. ಅದರ ಪಕ್ಕದಲ್ಲೇ ಕೇಸಿನ ಪುಸ್ತಕವೂ ಒಂದಿರಲಿ. ವಾರದ ಸಭೆಯಲ್ಲಿ ಕಂತು ಕೇಳಿದ ಹಾಗೆಯೇ, ಕೋರ್ಟಿಗೆ ಹೋಗುತ್ತಿರುವ ಪ್ರತಿ ಅಕ್ಕನನ್ನೂ ಕೇಳೋಣ: ನಿನ್ನ ವಾಯಿದೆ ಯಾವಾಗ? ಜೊತೆಗೆ ಯಾರು ಬರಲಿ?